ಫೆನ್ಸ್‌ಗೆ ಬಡಿದು ಬಡಿದು ಆರು ತಿಂಗಳು

ನಮ್ಮ ಶೆಡ್ಡಿನ ಟೇಬಲ್ ಸಾ (ಮೇಜಿನ ನಡುವೆ ಗರಗಸದ ಬ್ಲೇಡ್ ತಿರುಗುವ ಯಂತ್ರ) 20 ವರ್ಷ ಹಳೆಯದು. ಬೀಡು ಕಬ್ಬಿಣದ ಮೇಜು, ಬೆಲ್ಟ್ ಮೇಲೆ ಓಡುವ 12 ಇಂಚಿನ ಬ್ಲೇಡ್. ಕಳೆದ ಮಳೆಗಾಲದಿಂದ ತೇಗದ ಪಟ್ಟಿ ಸೀಳಿದರೆ ಒಂದು ತುದಿ 50 ಮಿ.ಮೀ., ಇನ್ನೊಂದು ತುದಿ 51.5. ಸೀಳಿದ ಅಂಚಿಗೆ ಸುಟ್ಟ ಕಪ್ಪು ಗೆರೆ ಬೇರೆ. ನಾನು ಫೆನ್ಸ್ (ಸೀಳುವಾಗ ಮರ ಆನಿಸುವ ಉದ್ದ ಪಟ್ಟಿ) ಮೇಲೇ ಅನುಮಾನ ಪಟ್ಟು, ಪ್ರತಿ ಸಲ ಅದರ ಹಿಂದಿನ ತುದಿಗೆ ಕೊಡತಿಯಲ್ಲಿ ಎರಡು ಏಟು ಕೊಟ್ಟು ಕೆಲಸ ಸಾಗಿಸಿದೆ. ಹೊಸ ಬ್ಲೇಡೂ ಹಾಕಿದೆ. ದುಡ್ಡು ಹೋಯಿತು, ಗೆರೆ ಹೋಗಲಿಲ್ಲ.

ಕೊನೆಗೊಂದು ಭಾನುವಾರ ಪ್ಲಗ್ ಕಿತ್ತು ಕೂತೆ. ಫೆನ್ಸ್ ಸರಿದಾಡುವ ವಸ್ತು, ಅದನ್ನು ನಂಬಿ ಅಳೆಯುವ ಹಾಗಿಲ್ಲ. ಮೇಜಿನಲ್ಲೇ ಬ್ಲೇಡಿನ ಪಕ್ಕ ಕೊರೆದಿರುವ ಉದ್ದ ತೋಡು, ಅಂದರೆ ಮೈಟರ್ ಸ್ಲಾಟ್, ಎಲ್ಲೂ ಹೋಗುವುದಿಲ್ಲ ಅಲ್ವಾ? ಅಳತೆ ಅಲ್ಲಿಂದಲೇ ಶುರು. ಬ್ಲೇಡನ್ನು ಪೂರ್ತಿ ಎತ್ತಿ, ಒಂದು ಹಲ್ಲಿಗೆ ಮಾರ್ಕರ್‌ನಲ್ಲಿ ಗುರುತು ಹಾಕಿ, ಆ ಹಲ್ಲನ್ನು ಮುಂದೆ ತಂದು ಸ್ಲಾಟ್‌ನಿಂದ ಅಳೆದೆ, ಆಮೇಲೆ ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಅಳೆದೆ. ಬೇರೆ ಬೇರೆ ಹಲ್ಲು ಹಿಡಿದರೆ ಬ್ಲೇಡಿನ ಸೊಟ್ಟವೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. 0.7 ಮಿ.ಮೀ. ವ್ಯತ್ಯಾಸ, ಅಂದರೆ ಬ್ಲೇಡೇ ಸ್ಲಾಟಿಗೆ ಓರೆ! ಕೆಳಗೆ ಟಾರ್ಚ್ ಬಿಟ್ಟು ನೋಡಿದರೆ, ಬ್ಲೇಡಿನ ಸೆಟ್ಟನ್ನು ಮೇಜಿಗೆ ಹಿಡಿದಿರುವ 4 ಬೋಲ್ಟ್‌ಗಳಲ್ಲಿ ಒಂದು ಬೆರಳಲ್ಲೇ ತಿರುಗುತ್ತಿತ್ತು.

ಉಳಿದವನ್ನೂ ಸಡಿಲಿಸಿ, ಮೆಲ್ಲಗೆ ತಟ್ಟಿ ಸಮ ಮಾಡಿ ಬಿಗಿದೆ. ಬಿಗಿಯುವಾಗ ಮತ್ತೆ ಸರಿಯುತ್ತದೆ, ಹಾಗಾಗಿ ಮೂರು ಸಲ ಮಾಡಬೇಕಾಯಿತು. ಖುಷಿಯಾಗಿ ಚಹಾ ಕುಡಿದು ಬಂದು ಅಳೆದರೆ ಅಂಕಿಯೇ ಬೇರೆ. ಬೆಲ್ಟ್ ಕಳಚಿ, ಬ್ಲೇಡ್ ಕೂತಿರುವ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದೆ. ಟಕ್ ಟಕ್ ಅಂತ ಸಡಿಲ ಆಟ. ತಿರುಗಿಸಿದರೆ ಒಳಗೆ ಮರಳು ಅರೆದ ಹಾಗೆ. ಬೇರಿಂಗ್ ಹೋಗಿತ್ತು! ಇದನ್ನೇ ಮೊದಲು ನೋಡಬೇಕಿತ್ತು, ಸುಮ್ನೆ ಒಂದು ಮಧ್ಯಾಹ್ನ ಹಾಳು. 6204 ನಂಬರಿನ ಎರಡೂ ಬೇರಿಂಗ್ ಬದಲಾಯಿಸಿ (ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ತಗೊಳ್ಳಿ, ಇಲ್ಲದಿದ್ದರೆ ಮರದ ಪುಡಿ ನುಗ್ಗುತ್ತದೆ), ಬ್ಲೇಡ್ ಹೊಂದಿಸುವ ಕೆಲಸ ಮತ್ತೆ ಮೊದಲಿಂದ.

ಫೆನ್ಸ್ ಮುಟ್ಟಿದ್ದು ಆಮೇಲೆ. ಅದನ್ನೂ ಸ್ಲಾಟಿಗೇ ಸಮ ಮಾಡಿದೆ.

ಉಳಿದದ್ದು ಮೈಟರ್ ಗೇಜ್, ಅಡ್ಡ ಕೊಯ್ಯುವಾಗ ಮರ ಆನಿಸಿ ಸ್ಲಾಟ್‌ನಲ್ಲಿ ತಳ್ಳುವ ತುಂಡು. ಸುಮಾರು 400 ಮಿ.ಮೀ. ಪ್ಲೈವುಡ್ ಚೌಕ ತಗೊಂಡು, ಪ್ರತಿ ಸಲ ಈಗಷ್ಟೇ ಕೊಯ್ದ ಅಂಚನ್ನು ಗೇಜಿಗೆ ಒತ್ತಿ ನಾಲ್ಕೂ ಬದಿ ಕೊಯ್ದು, ಐದನೇ ಸಲ ಮೊದಲ ಬದಿಯಿಂದ ಒಂದು ಪಟ್ಟಿ ತೆಗೆದೆ. ಗೇಜಿನ ತಪ್ಪು ಆ ಪಟ್ಟಿಯಲ್ಲಿ ನಾಲ್ಕು ಪಟ್ಟು ಕಾಣುತ್ತದೆ. ಎರಡು ತುದಿಗಳ ಅಗಲದಲ್ಲಿ ಮೊದಲು 2 ಮಿ.ಮೀ. ವ್ಯತ್ಯಾಸ ಇತ್ತು, ತಿದ್ದಿದ ಮೇಲೆ 0.3. ನಾಲ್ಕಕ್ಕೆ ಹಂಚಿದರೆ 0.1 ಕೂಡ ಇಲ್ಲ. ಮರಕ್ಕೆ ಸಾಕು ಬಿಡಿ, ಮಳೆಗಾಲದಲ್ಲಿ ಹಲಗೆಯೇ ಇದಕ್ಕಿಂತ ಜಾಸ್ತಿ ಉಬ್ಬುತ್ತದೆ.