ಬೆಂಚ್ ಪ್ರೆಸ್ ಮಾಡಿದ ಮೇಲೆ ಎದೆ, ಭುಜ ನೋವೇ? ಹೀಗೆ ಸರಿ ಮಾಡಿಕೊಳ್ಳಿ

ಮನೆಯಲ್ಲೇ ಒಂದು ಬೆಂಚು, ಒಂದು ರಾಡ್, ನಾಲ್ಕು ಪ್ಲೇಟ್ ಇಟ್ಟುಕೊಂಡು ಬೆಂಚ್ ಪ್ರೆಸ್, ಅಂದರೆ ಬೆಂಚಿನ ಮೇಲೆ ಮಲಗಿ ರಾಡನ್ನು ಎದೆಗೆ ಇಳಿಸಿ ಮೇಲಕ್ಕೆ ತಳ್ಳುವ ವ್ಯಾಯಾಮ, ಮಾಡುವವರು ಈಗ ಜಾಸ್ತಿ. ತಪ್ಪು ಮಾಡಿದಾಗ 'ಮೊಣಕೈ ಒಳಗೆ ತಗೋ' ಎಂದು ಹೇಳುವವರು ಮಾತ್ರ ಅಲ್ಲಿ ಇರುವುದಿಲ್ಲ. ಮನೆಯಲ್ಲಿ ಶುರುವಾಗುವ ಬಹಳಷ್ಟು ಭುಜದ ನೋವಿಗೆ ಇದೇ ಕಾರಣ. ನೋವು ಬಂದಿದ್ದರೆ ಹೀಗೆ ಒಂದೊಂದಾಗಿ ನೋಡುತ್ತಾ ಹೋಗಿ.

ಮೊದಲು ಹೃದಯದ ವಿಷಯ

ಎದೆಯ ಮೇಲೆ ಭಾರ ಕೂತ ಹಾಗೆ ಅಥವಾ ಹಿಂಡಿದ ಹಾಗೆ ಆಗುತ್ತಿದೆಯೇ? ನೋವು ಕೈಗೆ, ಕುತ್ತಿಗೆಗೆ, ದವಡೆಗೆ, ಬೆನ್ನಿಗೆ ಹರಡುತ್ತಿದೆಯೇ? ಜೊತೆಗೆ ತಣ್ಣನೆಯ ಬೆವರು, ಏದುಸಿರು, ವಾಕರಿಕೆ, ತಲೆಸುತ್ತು ಇದೆಯೇ? ಹಾಗಿದ್ದರೆ ಮುಂದೆ ಓದಬೇಡಿ, 108ಕ್ಕೆ ಕರೆ ಮಾಡಿ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. 'ಗ್ಯಾಸ್ಟ್ರಿಕ್ ಇರಬೇಕು' ಎಂದು ಕಾಯುತ್ತಾ ಕೂರಬೇಡಿ. ವಯಸ್ಸು ಚಿಕ್ಕದು, ದಿನಾ ಕಸರತ್ತು ಮಾಡುತ್ತೇನೆ ಅನ್ನುವುದೂ ಧೈರ್ಯಕ್ಕೆ ಸಾಲುವುದಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರನ್ನು 46ನೇ ವಯಸ್ಸಿನಲ್ಲಿ ಕಳೆದುಕೊಂಡ ನಾಡು ನಮ್ಮದು. ಅವರ ಹೆಸರಿನಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ಅದರಲ್ಲಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಇಸಿಜಿ ಮಾಡಿ, ದೊಡ್ಡ ಹೃದ್ರೋಗ ಆಸ್ಪತ್ರೆಯ ವೈದ್ಯರ ಸಲಹೆ ಪಡೆಯುತ್ತಾರೆ. ಅನುಮಾನ ಬಂದರೆ ಇಸಿಜಿ ಮಾಡಿಸಿ. ಮುಟ್ಟಿದರೆ ನೋಯುತ್ತದೆ, ಹಾಗಾಗಿ ಇದು ಹೃದಯದ್ದಲ್ಲ ಎಂದು ನೀವೇ ತೀರ್ಮಾನ ಮಾಡಬೇಡಿ.

ಒಂದು ಬೆರಳಿಟ್ಟು ಜಾಗ ತೋರಿಸಿ

ಮಾರನೇ ದಿನ ಎದೆಯ ಎರಡೂ ಕಡೆ ಸಮನಾಗಿ ಹಿಡಿದುಕೊಂಡ ಹಾಗಿದ್ದು, ಎರಡು ಮೂರು ದಿನದಲ್ಲಿ ಇಳಿದರೆ ಅದು ಸ್ನಾಯು ದಣಿದ ನೋವು. ಭಯ ಬೇಡ.

ಎದೆಯ ನಡುವಿನ ಮೂಳೆಯ ಅಂಚಿನಲ್ಲಿ, ಪಕ್ಕೆಲುಬು ಸೇರುವ ಕಡೆ, ಒತ್ತಿದಾಗ ಅಥವಾ ಉಸಿರು ಎಳೆದಾಗ ಚುಚ್ಚಿದರೆ ಅಲ್ಲಿನ ಮೃದ್ವಸ್ಥಿ ಕೆರಳಿರಬಹುದು. ಭುಜದ ಮುಂಭಾಗದಲ್ಲಿ ನೋವಿದ್ದು, ಕೈಯನ್ನು ಪಕ್ಕಕ್ಕೆ ಎತ್ತುವಾಗ ಮತ್ತು ಆ ಮಗ್ಗುಲಿಗೆ ಮಲಗಿದಾಗ ಹೆಚ್ಚಾದರೆ, ಭುಜದ ಕೀಲನ್ನು ಹಿಡಿದಿಡುವ ಸಣ್ಣ ಸ್ನಾಯುಗಳ ಮೇಲೋ ರಟ್ಟೆಯ ಸ್ನಾಯುರಜ್ಜಿನ ಮೇಲೋ ಭಾರ ಬಿದ್ದಿರಬಹುದು. ಭುಜದ ನೆತ್ತಿಯಲ್ಲಿ, ಕಾಲರ್ ಮೂಳೆ ಮುಗಿಯುವ ಕಡೆ ನೋವೇ? ಆ ಕೈಯನ್ನು ಎದೆಯ ಮೇಲಿಂದ ಇನ್ನೊಂದು ಭುಜಕ್ಕೆ ತಂದು ನೋಡಿ. ಅಲ್ಲೇ ಚುರುಕ್ ಎಂದರೆ ಆ ಪುಟ್ಟ ಕೀಲು ಬಳಲಿದೆ.

ಕಂಕುಳಿನ ಹತ್ತಿರದ ನೋವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ರಾಡ್ ಕೆಳಗಿಳಿಸುವಾಗ 'ಟಪ್' ಎಂದ ಹಾಗಾಗಿ, ಆಮೇಲೆ ರಟ್ಟೆ ಅಥವಾ ಎದೆ ನೀಲಿಗಟ್ಟಿ, ಎರಡು ಕಡೆಯ ಆಕಾರದಲ್ಲಿ ವ್ಯತ್ಯಾಸ ಕಂಡರೆ ಎದೆಯ ದೊಡ್ಡ ಸ್ನಾಯು ಹರಿದಿರಬಹುದು. ಕೂಡಲೇ ಮೂಳೆ ವೈದ್ಯರ ಬಳಿ ಹೋಗಿ. ಆಪರೇಷನ್ ಬೇಕಾದರೆ, ತಡವಾದಷ್ಟೂ ಹರಿದ ತುದಿಯನ್ನು ಎಳೆದು ಜೋಡಿಸುವುದು ಕಷ್ಟ.

ಸ್ವಲ್ಪ ದಿನ ನಿಲ್ಲಿಸಿ

ಭುಜದ ನೋವಿಗೆ ಒಂದೆರಡು ವಾರ ಬೆಂಚ್ ಪ್ರೆಸ್ ಬಿಡಿ. ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು ಹತ್ತು ಹದಿನೈದು ನಿಮಿಷ ಇಡಬಹುದು. ನೋವಿನ ಮಾತ್ರೆ ನುಂಗಿ ಭಾರ ಎತ್ತಲು ಮಾತ್ರ ಹೋಗಬೇಡಿ. ಎಲ್ಲಿ ನಿಲ್ಲಿಸಬೇಕು ಎಂದು ಹೇಳುವುದೇ ಆ ನೋವು, ಅಲ್ವಾ? ಕಾಲಿನ ವ್ಯಾಯಾಮ, ನಡಿಗೆ ಧಾರಾಳವಾಗಿ ಮಾಡಿ.

ಮತ್ತೆ ಬೆಂಚಿನ ಮೇಲೆ ಮಲಗುವ ಮುನ್ನ

ಭಂಗಿಯಲ್ಲಿ ಒಂದನ್ನೇ ಬದಲಿಸಲು ಸಾಧ್ಯ ಎಂದರೆ ಮೊಣಕೈ ಬದಲಿಸಿ ಎನ್ನುತ್ತೇನೆ. ಮೊಣಕೈಗಳನ್ನು ಭುಜದ ನೇರಕ್ಕೆ ಅಡ್ಡಲಾಗಿ ಚಾಚಿ ಭಾರ ಇಳಿಸಿದರೆ ಭುಜದ ಮುಂಭಾಗಕ್ಕೆ ಎಳೆತ ಜಾಸ್ತಿ. ಮೊಣಕೈ ದೇಹದಿಂದ 45ರಿಂದ 60 ಡಿಗ್ರಿಯಷ್ಟು ದೂರ ಇರಲಿ. ಮೇಲಿನಿಂದ ನೋಡಿದರೆ ಬಾಣದ ತುದಿಯ ಹಾಗೆ ಕಾಣಬೇಕು. ಆಗ ರಾಡ್ ತಾನಾಗಿಯೇ ಕುತ್ತಿಗೆಯ ಕಡೆಗೆ ಹೋಗದೆ ಎದೆಯ ಕೆಳಭಾಗಕ್ಕೆ ಬರುತ್ತದೆ.

ಬೆಂಚಿನ ಮೇಲೆ ಮಲಗಿದ ಕೂಡಲೇ ಬೆನ್ನಿನ ಎರಡು ರೆಕ್ಕೆ ಮೂಳೆಗಳನ್ನು ಹಿಂದಕ್ಕೆ ಸೇರಿಸಿ, ಸ್ವಲ್ಪ ಕೆಳಕ್ಕೆ ಒತ್ತಿ. ಕೊನೆಯ ರೆಪ್ (ಒಂದು ಸಲ ಇಳಿಸಿ ಎತ್ತುವುದು) ಮುಗಿಯುವವರೆಗೂ ಬಿಡಬೇಡಿ. ಪಾದ ನೆಲದ ಮೇಲಿರಲಿ. ರಾಡ್ ಎದೆಗೆ ತಾಗಿದಾಗ ಮುಂಗೈ ನೆಟ್ಟಗೆ ನಿಲ್ಲಬೇಕು, ಮಣಿಕಟ್ಟು ಹಿಂದಕ್ಕೆ ಬಾಗಬಾರದು. ಮುಂಗೈ ಹೊರಕ್ಕೆ ವಾಲಿದ್ದರೆ ಹಿಡಿತ ತೀರಾ ಅಗಲವಾಗಿದೆ ಎಂದರ್ಥ.

ಮನೆಯ ಬೆಂಚಿನದೇ ಒಂದು ತೊಂದರೆ ಇದೆ. ರಾಡ್ ಇಡುವ ಕಂಬಗಳು ತಲೆಯಿಂದ ತುಂಬಾ ಹಿಂದಿದ್ದರೆ, ಎತ್ತಿಕೊಳ್ಳಲು ಕೈ ಚಾಚುವಾಗಲೇ ಸೇರಿಸಿದ ರೆಕ್ಕೆ ಮೂಳೆ ಬಿಟ್ಟುಹೋಗುತ್ತದೆ. ಕಣ್ಣು ರಾಡ್‌ನ ನೇರ ಕೆಳಗೆ ಬರುವ ಹಾಗೆ ಮೇಲಕ್ಕೆ ಸರಿದು ಮಲಗಿ. ಜಿಮ್ಮಿನ ದೊಡ್ಡ ರಾಡ್ ಒಂದೇ 20 ಕೆ.ಜಿ. ಇರುತ್ತದೆ, ಮನೆಯ ಗಿಡ್ಡ ರಾಡ್ ಅದಕ್ಕಿಂತ ಹಗುರ. ಹಾಗಾಗಿ ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ತರಬೇಡಿ.

ಒಬ್ಬರೇ ಇದ್ದಾಗ ಇನ್ನೆರಡು ರೆಪ್ಸ್ ಆಗುತ್ತದೆ ಅನ್ನುವಾಗಲೇ ಸೆಟ್ (ಬಿಡುವಿಲ್ಲದೆ ಮಾಡುವ ರೆಪ್ಸ್‌ನ ಒಂದು ಸುತ್ತು) ಮುಗಿಸಿ. ಹೆಬ್ಬೆರಳನ್ನು ರಾಡ್‌ಗೆ ಸುತ್ತಿ ಹಿಡಿಯಿರಿ.

ವಾಪಸ್ ಬರುವ ದಾರಿ

ಗರಡಿಮನೆಯ ದಂಡದಿಂದ ಶುರು ಮಾಡುವುದು ಒಳ್ಳೆಯದು. ಬೆಂಚಿನ ಮೇಲೆ ರೆಕ್ಕೆ ಮೂಳೆ ಒತ್ತಿಕೊಂಡಿರುತ್ತದೆ, ದಂಡ ಹೊಡೆಯುವಾಗ ಸಲೀಸಾಗಿ ಚಲಿಸುತ್ತದೆ. ಮೊದಲು ಗೋಡೆಗೆ ಕೈ ಕೊಟ್ಟು, ಆಮೇಲೆ ಗಟ್ಟಿ ಮೇಜಿಗೆ, ಕೊನೆಗೆ ನೆಲದ ಮೇಲೆ. ನೋವಿಲ್ಲದಿದ್ದರೆ ನೆಲದ ಮೇಲೆ ಮಲಗಿ ಡಂಬಲ್ಸ್ ಎತ್ತಿ. ಮೊಣಕೈ ನೆಲಕ್ಕೆ ತಾಗಿ ನಿಲ್ಲುವುದರಿಂದ ಭುಜ ಅತಿಯಾಗಿ ಹಿಂದಕ್ಕೆ ಹೋಗುವುದಿಲ್ಲ. ಆಮೇಲೆ ಬೆಂಚಿಗೆ ಬನ್ನಿ. ಖಾಲಿ ರಾಡ್‌ನಿಂದ ಶುರು ಮಾಡಿ, ಹಿಂದಿನ ಭಾರದ ಅರ್ಧದವರೆಗೆ ಹೋಗಿ, ಅಲ್ಲಿಂದ ವಾರಕ್ಕೆ ಎರಡೂವರೆ ಕೆ.ಜಿ.ಗಿಂತ ಹೆಚ್ಚಿಸಬೇಡಿ.

ಒಂದು ಸೆಟ್ ತಳ್ಳಿದರೆ ಒಂದು ಸೆಟ್ಟನ್ನಾದರೂ ಎಳೆಯಿರಿ. ಬಗ್ಗಿ ಡಂಬಲ್ ಅನ್ನು ಸೊಂಟದ ಕಡೆಗೆ ಎಳೆಯುವುದು ಸಾಕು. ಕಿಟಕಿ ಸರಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ, ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು, ಮುಂಗೈಯನ್ನು ಹೊರಕ್ಕೆ ತಿರುಗಿಸುವ ವ್ಯಾಯಾಮವನ್ನೂ ವಾರಕ್ಕೆ ಎರಡು ಮೂರು ಸಲ ಮಾಡಿ.

ಇಷ್ಟಾದರೂ ನೋವು ಇಳಿಯದಿದ್ದರೆ, ರಾತ್ರಿ ನಿದ್ದೆ ಕೆಡಿಸುತ್ತಿದ್ದರೆ, ಕೈ ಜೋಮು ಹಿಡಿದರೆ ಅಥವಾ ಕೈ ಎತ್ತಲಾಗದಿದ್ದರೆ ಮೂಳೆ ವೈದ್ಯರನ್ನೋ ಫಿಸಿಯೊಥೆರಪಿಸ್ಟ್ ಅವರನ್ನೋ ಕಾಣಿ. ನೋವಿಗಿಂತ ಮುಂಚೆ ಬೆಂಚ್ ಪ್ರೆಸ್ ಮಾಡಿದ ವಿಡಿಯೊ ಮೊಬೈಲಿನಲ್ಲಿದ್ದರೆ ಅವರಿಗೆ ತೋರಿಸಿ. ಬಾಯಲ್ಲಿ ಹೇಳುವುದಕ್ಕಿಂತ ಅದರಿಂದ ಅವರಿಗೆ ಬೇಗ ತಿಳಿಯುತ್ತದೆ.