ಪರದೆ ಮಾಸಿದ್ದು ಗೊತ್ತಾಗಿದ್ದು ಒಂದು ತುಂಡು ಬಟ್ಟೆಯಿಂದ

ಮುಂಬೈನ ಒಂದು ಹಳೆಯ ಸಿಂಗಲ್ ಸ್ಕ್ರೀನ್ ಥಿಯೇಟರ್‌ನಲ್ಲಿ ನಾನು ಪ್ರೊಜೆಕ್ಟರ್ ಆಪರೇಟರ್. ಕತ್ತಲ ದೃಶ್ಯದಲ್ಲಿ ಮುಖಗಳೇ ಕಾಣುವುದಿಲ್ಲ ಅಂತ ಜನ ದೂರತೊಡಗಿದರು. ನನಗೆ ಮಾತ್ರ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ದಿನಾ ನೋಡುವ ಕಣ್ಣಿಗೆ ಪರದೆ ಮಾಸುವುದು ಗೊತ್ತಾಗುವುದೇ ಇಲ್ಲ.

ಮಾಲೀಕರು ಉಡುಪಿ ಕಡೆಯವರು. "ಪರದೆ ಬದಲಿಸೋಣ ಶೆಟ್ರೇ" ಅಂದೆ.

"ಲ್ಯಾಂಪೇ ಹಳತಾಗಿರಬಹುದಲ್ವಾ ಮಾರಾಯ್ರೇ? ಮೊದಲು ಅದನ್ನು ನೋಡಿ" ಅಂದರು.

ಅವರು ಹೇಳಿದ್ದು ಸರಿ. ಪ್ರೊಜೆಕ್ಟರ್ ಒಳಗಿನ ಝೆನಾನ್ ಲ್ಯಾಂಪ್ ಉರಿದಷ್ಟೂ ಮಂಕಾಗುತ್ತದೆ. ಪೂರ್ತಿ ಬಿಳಿ ಚಿತ್ರ ಹಾಕಿ, ನಡುವಿನ ಸೀಟಿನಿಂದ ಬೆಳಕು ಅಳೆಯುವ ಮೀಟರ್ ಹಿಡಿದೆ. ಪರದೆಯ ಮಧ್ಯೆ ಬಂದಿದ್ದು 8 ಫುಟ್‌-ಲ್ಯಾಂಬರ್ಟ್. ಅದು ಪರದೆಯ ಹೊಳಪಿನ ಅಳತೆ; ಡಿಜಿಟಲ್ ಸಿನಿಮಾಕ್ಕೆ ಬೇಕಾದದ್ದು 14. ಹೊಸ ಲ್ಯಾಂಪ್ ಹಾಕಿದೆವು. ಲೆನ್ಸ್, ಕ್ಯಾಬಿನ್ ಕಿಟಕಿಯ ಗಾಜು ಎರಡನ್ನೂ ಒರೆಸಿದೆವು. 10.5ಕ್ಕೆ ಬಂದು ನಿಂತಿತು.

ಆಗ ನೆನಪಾಯಿತು: ಪರದೆ ಕಟ್ಟಿದಾಗ ಉಳಿದ ತುಂಡೊಂದನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೆ. ಅದನ್ನು ಕೋಲಿಗೆ ಕಟ್ಟಿ ಪರದೆಯ ಮಧ್ಯಕ್ಕೆ ಹಿಡಿಸಿದೆ. ತುಂಡಿನ ಮೇಲೆ 14, ಪಕ್ಕದಲ್ಲೇ ಪರದೆಯ ಮೇಲೆ 10.5. ಕಾಲು ಭಾಗ ಬೆಳಕನ್ನು ಪರದೆಯೇ ನುಂಗುತ್ತಿತ್ತು! ಬಿಳಿ ಅಂದುಕೊಂಡಿದ್ದು ಚಹಾದ ಕಲೆಯ ಬಣ್ಣಕ್ಕೆ ತಿರುಗಿತ್ತು. ನಿಮ್ಮಲ್ಲಿ ತುಂಡು ಇಲ್ಲದಿದ್ದರೆ, ಪರದೆಯ ಸುತ್ತ ಕಟ್ಟುವ ಕಪ್ಪು ಮಾಸ್ಕಿಂಗ್ ಬಟ್ಟೆಯ ಹಿಂದೆ ಅಡಗಿರುವ ಪರದೆಯ ಅಂಚನ್ನು ನೋಡಿ.

ತೊಳೆಯಬಹುದಲ್ವಾ ಅಂತ ಕೇಳುತ್ತಾರೆ. ಒಮ್ಮೆ ಕೆಳಗಿನ ಮೂಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದೆ. ಆ ಜಾಗ ಮಾತ್ರ ಬೇರೆಯಾಗಿ ಹೊಳೆದು, ಪ್ರತಿ ಶೋನಲ್ಲೂ ಕಣ್ಣಿಗೆ ಚುಚ್ಚಿತು. ಪರದೆಯ ಹಿಂದಿರುವ ಸ್ಪೀಕರ್‌ಗಳ ದನಿ ಬರಲೆಂದು ಪರದೆ ತುಂಬ ಸಣ್ಣ ತೂತುಗಳಿರುತ್ತವೆ. ಎಸಿಯ ಗಾಳಿ ಅವುಗಳ ಮೂಲಕ ಹಾಯುತ್ತದೆ, ಧೂಳು ತೂತಿನ ಅಂಚಿಗೆ ಅಂಟುತ್ತದೆ. ಅದನ್ನು ಯಾರು ಒರೆಸಲು ಸಾಧ್ಯ?

ಲೆಕ್ಕ ತೋರಿಸಿದ ಮೇಲೆ ಶೆಟ್ರು ಒಪ್ಪಿದರು. ತ್ರೀಡಿಗೆಂದು ಲೋಹದ ಹೊಳಪಿನ ಲೇಪವಿರುವ ಸಿಲ್ವರ್ ಪರದೆ ಬೇಕೇ ಅಂತ ಕೇಳಿದರು. ಬೇಡ ಅಂದೆ. ನಮ್ಮದು ಅಗಲದ ಹಾಲ್. ಸಿಲ್ವರ್ ಹಾಕಿದರೆ ನಡುವೆ ಜಾಸ್ತಿ ಹೊಳಪು, ಬದಿಯ ಸೀಟಿಗೆ ಮಂಕು. ಅಲ್ಲಿ ಕೂತವರೂ ಅಷ್ಟೇ ದುಡ್ಡು ಕೊಟ್ಟಿರುತ್ತಾರೆ.

ಮಳೆಗಾಲಕ್ಕೆ ಮುಂಚೆಯೇ ಬಿಳಿ ಪರದೆ ಕಟ್ಟಿಸಿದೆವು. ಮೀಟರ್ 14 ತೋರಿಸಿತು. ಉಳಿದ ತುಂಡಿಗೆ ತಾರೀಕು ಬರೆದು, ಮತ್ತೆ ಕಪ್ಪು ಬಟ್ಟೆಯಲ್ಲಿ ಸುತ್ತಿ ಕ್ಯಾಬಿನ್‌ನಲ್ಲಿ ಇಟ್ಟಿದ್ದೇನೆ.