ಕರ್ಟನ್ ಕಂಬಿ ಆಗಬೇಕಿದ್ದ ಗಾಳ

"ಕರ್ಟನ್ ಹಾಕೋಕೆ ಇಟ್ಕೋ, ಚೆನ್ನಾಗಿರುತ್ತೆ." ನನ್ನ ಸ್ಪ್ಲಿಟ್ ಕೇನ್ ರಾಡ್, ಅಂದರೆ ಆರು ಬಿದಿರು ಸೀಳು ಅಂಟಿಸಿ ಮಾಡಿದ ಗಾಳದ ಕೋಲು, ನೋಡಿ ಗಾಳದ ಗೆಳೆಯರು ಹೇಳಿದ ಮಾತು ಇದು. ತಪ್ಪು ಅವರದಲ್ಲ. ತುದಿ ತುಂಡಿನ ಆರೂ ಸೀಳುಗಳು ಹಳೇ ಪೊರಕೆಯಂತೆ ಬಿಚ್ಚಿಕೊಂಡಿದ್ದವು. ಕೊಡಗಿನ ಮಳೆಯಲ್ಲಿ ಒಮ್ಮೆ ಬಿಚ್ಚಿದ ಕೇನ್ ಮತ್ತೆ ಕೂಡಲ್ಲ ಅಂತಲೇ ಎಲ್ಲರ ತೀರ್ಪು.

ರಾಡ್ ಸಿಕ್ಕಿದ್ದು ಮೈಸೂರಿನ ಒಂದು ಗುಜರಿಯಲ್ಲಿ. ಅಲ್ಲಿ ಯಾವ ಹಳೇ ಗಾಳ ಮುಟ್ಟಿದರೂ "ವ್ಯಾನ್ ಇಂಗೆನ್ ಮನೇದು ಸಾರ್" ಅಂತಾರೆ. ಬೇಟೆ ಪ್ರಾಣಿಗಳ ಚರ್ಮ ತುಂಬಿ ನಿಲ್ಲಿಸುತ್ತಿದ್ದ ಮೈಸೂರಿನ ಮನೆತನ ಅದು; ಅವರಲ್ಲೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನು (ಮಹಶೀರ್) ಹಿಡಿದಿದ್ದರು. ಆ ಹೆಸರು ಹೇಳಿದರೆ ಬೆಲೆ ಐನೂರು ಏರುತ್ತದೆ, ಅಷ್ಟೇ. 3,000 ಕೇಳಿದ, 1,800 ಕೊಟ್ಟೆ. ರಾಡ್ ಮೇಲೆ ಯಾವ ಹೆಸರೂ ಉಳಿದಿರಲಿಲ್ಲ.

ಮೊದಲ ಸಲ ನಾನು ಬಿಚ್ಚಿದ ಜಾಗಕ್ಕಷ್ಟೇ ಗೋಂದು ತುಂಬಿ ದಾರ ಸುತ್ತಿದೆ. ಹದಿನೈದು ದಿನಕ್ಕೆ ಅದರ ಪಕ್ಕದಲ್ಲಿ ಬಿಟ್ಟಿತು. ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಹಳೇ ಗೋಂದು ಪೂರ್ತಿ ಸತ್ತಿದ್ದರೆ ತೇಪೆ ಹಾಕಿ ಏನು ಪ್ರಯೋಜನ? ಆರನ್ನೂ ಬಿಡಿಸಲೇಬೇಕು.

ಬಿಡಿಸೋಕೆ ಬಿಸಿನೀರು ಸಾಕು. ಆದರೆ ನಾಲ್ಕೂವರೆ ಅಡಿ ತುಂಡು ಮುಳುಗಿಸಲು ಪಿವಿಸಿ ಪೈಪ್ ತಗೊಂಡು ಕುದಿಯುವ ನೀರು ಸುರಿದೆ. ಪೈಪೇ ಸೊಂಡಿಲಿನ ಹಾಗೆ ಬಾಗಿತು, ಕಾಲ ಮೇಲೆ ನೀರು. ಆಮೇಲೆ ಹಳೇ ಕಬ್ಬಿಣದ ಪೈಪ್ ಬಂತು. ಇನ್ನೊಂದು ಎಡವಟ್ಟು: ಸೀಳುಗಳಿಗೆ ಪೆನ್ಸಿಲ್‌ನಲ್ಲಿ ನಂಬರ್ ಹಾಕಿದ್ದೆ. ನೀರಲ್ಲಿ ಎಲ್ಲಾ ಅಳಿಸಿಹೋಯಿತು. ಯಾವುದರ ಪಕ್ಕ ಯಾವುದು ಅಂತ ಗಂಟುಗಳ ಜಾಗ ನೋಡಿ ಹೊಂದಿಸಲು ಎರಡು ಸಂಜೆ ಹೋದವು. ಈಗ ಬ್ಲೇಡಿನಲ್ಲಿ ಗೀರು ಹಾಕುತ್ತೇನೆ. ಒಂದು ಗೀರು, ಎರಡು ಗೀರು, ಹಾಗೆ.

ಗೋಂದಿನ ಕಥೆ ಜಾಸ್ತಿ ನೋವಿನದು. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ (ಎರಡು ದ್ರವ ಬೆರೆಸುವ ಅಂಟು) ಅರ್ಧ ದಾರ ಸುತ್ತುವಷ್ಟರಲ್ಲಿ ಕಲ್ಲಾಯಿತು. ಮತ್ತೆ ಬಿಸಿ ಮಾಡಿ, ಕೆರೆದು, ಶುರು. ಮರಗೆಲಸದ ಬಿಳಿ ಗೋಂದು ಚೆನ್ನಾಗಿ ಹಿಡಿಯಿತು ಅಂದುಕೊಂಡೆ. ಬಾಗಿಸಿ ಒಂದು ರಾತ್ರಿ ಇಟ್ಟರೆ ಸೀಳುಗಳು ಮೆಲ್ಲಗೆ ಜಾರಿ, ರಾಡ್ ಬಾಗಿದ ಹಾಗೇ ನಿಂತಿತು. ಕೊನೆಗೆ ನಿಧಾನದ ಎಪಾಕ್ಸಿ. ಕೈಯಲ್ಲಿ ಗಂಟೆಗೂ ಜಾಸ್ತಿ ಸಮಯ ಸಿಗುತ್ತದೆ.

ಅದಕ್ಕಿಂತ ಮುಖ್ಯ, ಒಣಗಿಸಿದ್ದು. ಬಿಡಿಸಿದ ಸೀಳುಗಳನ್ನು ಒಲೆ ಮೇಲಿನ ಅಟ್ಟದಲ್ಲಿ ಆರೇಳು ವಾರ ಬಿಟ್ಟೆ. ಅಂಟಿಸಿದ್ದು ಫೆಬ್ರವರಿಯಲ್ಲಿ, ಮಟಮಟ ಮಧ್ಯಾಹ್ನ. ಕೊಡಗಿನಲ್ಲಿ ಆಗಲ್ಲ ಅನ್ನುವವರು ಜುಲೈಯಲ್ಲಿ ಕೂತು ಅಂಟಿಸಿದ್ದರು, ಅಲ್ವಾ? ಹತ್ತಿ ದಾರವನ್ನು ಎರಡೂ ದಿಕ್ಕಿನಿಂದ ಅಡ್ಡಡ್ಡ ಬಿಗಿದು, ನೆಟ್ಟಗೆ ಮಾಡಿ, ಕೆಳಗೆ ತೂಕ ಕಟ್ಟಿ ತೂಗುಹಾಕಿದೆ. ಬಿಗಿಯುವಾಗ ತುಂಡು ತಿರುಚಿಕೊಳ್ಳದಿರಲು ನಾನೊಂದು ಉಪಾಯ ಮಾಡುತ್ತೇನೆ. ಅದು ನನ್ನ ಹತ್ತಿರವೇ ಇರಲಿ.

ಒಂದು ಸೀಳಿನ ಏಳಿಂಚು ಹುಳ ತಿಂದಿತ್ತು. ಟೊಂಕಿನ್ ಬಿದಿರು ಎಲ್ಲಿಂದ ತರಲಿ? ಆ ಚೀನಾ ಬಿದಿರು ಬರುವ ಮೊದಲು ಇಂಗ್ಲೆಂಡಿನವರು ನಮ್ಮ ದೇಶದ 'ಕಲ್ಕತ್ತಾ ಕೇನ್' ಬಳಸುತ್ತಿದ್ದರಲ್ಲ, ನಾನೂ ನೋಡೋಣ ಅಂತ ನಮ್ಮ ಗಟ್ಟಿ ಬಿದಿರು ಕಡಿದೆ. ಏಳು ಸೀಳು ಹಾಳಾಗಿ ಎಂಟನೆಯದು ಕೂತಿತು. ಹುಮ್ಮಸ್ಸಿನಲ್ಲಿ ಇಡೀ ತುದಿಯನ್ನೇ ಅದರಲ್ಲಿ ಮಾಡಲು ಹೋದೆ. ಒನಕೆ ಆಯಿತು. ಈಗ ಟೊಮೇಟೊ ಗಿಡಕ್ಕೆ ಆಸರೆಯಾಗಿದೆ.

ರಾಡಿನ ತುಂಡುಗಳನ್ನು ಜೋಡಿಸುವ ಲೋಹದ ಕೊಳವೆ, ಅಂದರೆ ಫೆರೂಲ್, ಕೂರಿಸಲು ಚನ್ನಪಟ್ಟಣದ ಗೊಂಬೆಗೆ ಹಚ್ಚುವ ಅರಗಿನ ಕಡ್ಡಿ ಕರಗಿಸಿದೆ. ಬರೀ ಅರಗು ಪೆಡಸು. ನಾಲ್ಕನೇ ಎಸೆತಕ್ಕೆ ಟಕ್ ಅಂತು. ರಾಳ, ಜೇನುಮೇಣ ಸೇರಿಸಿದ ಮೇಲೆ ಅಲುಗಾಡಿಲ್ಲ. ಎಷ್ಟೆಷ್ಟು ಅಂತ ಮಾತ್ರ ಕೇಳಬೇಡಿ.

ರೇಷ್ಮೆ ದಾರ ಸೀರೆ ಕುಚ್ಚು ಕಟ್ಟುವ ಅಂಗಡಿಯದು, 120 ರೂಪಾಯಿ. ಒಂದೆಳೆ ಸುಟ್ಟು ನೋಡಿ, ಕೂದಲು ಸುಟ್ಟ ವಾಸನೆ ಬಂದರೆ ಅಸಲಿ. ನನ್ನ ಗಿಳಿಹಸಿರು ವಾರ್ನಿಷ್ ತಾಗಿದ ಕೂಡಲೇ ಕಪ್ಪು ಪಾಚಿಯಾಯಿತು. ಎಲ್ಲ ಬಿಚ್ಚಿದೆ. ಮರುಸಲ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು ಎರಡು ಕೈ ಬಳಿದು ಆಮೇಲೆ ವಾರ್ನಿಷ್. ಬಣ್ಣ ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಉಳಿಯಿತು.

ಲೆಕ್ಕ ಕೇಳಿದರೆ ಎಪಾಕ್ಸಿ ಮೂರು ಸಲ ಸೇರಿ ಎರಡು ಸಾವಿರ, ಹೊರದೇಶದಿಂದ ತರಿಸಿದ ಅಗೇಟ್ ರಿಂಗ್ (ಗಾಳದ ದಾರ ಹಾಯುವ, ಅಗೇಟ್ ಕಲ್ಲಿನ ಬಳೆ) ಸುಂಕ ಸೇರಿ ಮೂರೂವರೆ, ವಾರ್ನಿಷ್ ಸಾವಿರದ ಮೇಲೆ. ಗುಜರಿ ಬೆಲೆ ಕೂಡಿಸಿದರೆ ಒಂಬತ್ತು ಸಾವಿರದ ಹತ್ತಿರ. ಮನೆಯಲ್ಲಿ ಆರು ಅಂತ ಹೇಳಿದ್ದೇನೆ. ಇದರಲ್ಲಿ ಒಳ್ಳೇ ಕಾರ್ಬನ್ ರಾಡ್ ಬರುತ್ತಿತ್ತು, ಗೊತ್ತು.

ತುದಿಗೆ ಅರ್ಧ ಲೀಟರ್ ನೀರಿನ ಬಾಟಲಿ ಕಟ್ಟಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಬಿಚ್ಚಿದರೆ ನೆಟ್ಟಗಾಯಿತು. ಆಮೇಲೆ ಕೊಡಗಿನಲ್ಲೇ ಕಾವೇರಿ ದಡದ ವಾಲ್ನೂರಿಗೆ ಪರ್ಮಿಟ್ ತಗೊಂಡು ಹೋದೆವು. ಮುಳ್ಳಿಲ್ಲದ ಕೊಕ್ಕೆ, ನಿಂಬೆಹಣ್ಣಿನಷ್ಟು ರಾಗಿ ಉಂಡೆ. ಎರಡನೇ ದಿನ ಹನ್ನೊಂದು ಗಂಟೆಗೆ ಎಳೆಯಿತು. ಕಾರ್ಬನ್ ಹಾಗೆ ಜಗ್ಗಾಡಲ್ಲ ಇದು, ಹಿಡಿಯವರೆಗೂ ಬಾಗುತ್ತದೆ. ಇಪ್ಪತ್ತು ನಿಮಿಷ ಆಗಿರಬಹುದು. ಬಿಳಿಮೀನು, ಸುಮಾರು ಆರು ಕೆಜಿ. ತೂಗಲಿಲ್ಲ, ನೀರಲ್ಲೇ ಕೊಕ್ಕೆ ಬಿಡಿಸಿದೆವು. ಕರ್ಟನ್ ಅಂದವರೇ ಫೋಟೋ ತೆಗೆದದ್ದು. ಕೈ ನಡುಗಿ ಫೋಟೋ ಮಸುಕು.

ತುದಿ ಈಗ ಎಡಕ್ಕೆ ಒಂದು ಚೂರು ವಾಲಿದೆ. ಬಿಸಿ ತೋರಿಸಿ ನೆಟ್ಟಗೆ ಮಾಡಬೇಕು. ಫೆಬ್ರವರಿ ಬರಲಿ.